ಹೊರೆಯಾಳಿಗೆ ಸೊನ್ನೆ ಸಲ್ಲುವುದೆ?

ಭೌತವಿಜ್ಞಾನದ ಮೊದಲ ಪಾಠಗಳಲ್ಲಿ ಕೆಲಸ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳ ವಿವರಣೆ ಬರುವಲ್ಲೆಲ್ಲ ಒಂದು ದೃಷ್ಟಾಂತವೂ ಬಹುಮಟ್ಟಿಗೆ ತಪ್ಪದೆ ಬರುತ್ತದೆ. ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆಯುವ ಹಮಾಲನು, ಆ ಹೊರೆಯನ್ನು ಎತ್ತಿ ಹಿಡಿದ ಬಲದಿಂದ ಮಾಡಿದ ಕೆಲಸ ಸೊನ್ನೆ ಎಂಬುದೇ ಆ ದೃಷ್ಟಾಂತ. ಪರೀಕ್ಷೆಯಲ್ಲಿ ‘ಕಾರಣ ಕೊಡಿರಿ’ ಎಂಬ ಪ್ರಶ್ನೆಯ ಕೆಳಗೆ ಇದನ್ನು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಎರಡು ಸಾಲಿನ ಉತ್ತರ ಬರೆದು ಎರಡು ಅಂಕಗಳನ್ನು ಪಡೆಯುತ್ತಾರೆ. ಆದರೆ ಅದೇ ಉತ್ತರವನ್ನು ಸಂಜೆ ಮನೆಗೆ ಹೋಗಿ, ದಿನವಿಡೀ ದುಡಿದು ಬಂದು ಗೋಡೆಗೊರಗಿ ಕುಳಿತ ತಂದೆಯ ಮುಂದೆ ಹೇಳಲು ಎಷ್ಟು ಮಂದಿಗೆ ಧೈರ್ಯವಾದೀತು? ಪರೀಕ್ಷೆಯ ಕೊಠಡಿಯಲ್ಲಿ ಸತ್ಯವಾದದ್ದು ಮನೆಯಲ್ಲಿ ನಾಚಿಕೆಗೆ ಕಾರಣವಾಗುವುದಾದರೆ, ಎಲ್ಲಿಯೋ ಏನೋ ತಿಳಿಯದೆ ಉಳಿದಿದೆ ಎಂದೇ ಅರ್ಥ. ಆ ಉಳಿದುದೇನೆಂಬುದನ್ನು ಕುರಿತು ಒಂದೆರಡು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಈ ವಿಷಯ ಪುಸ್ತಕದಿಂದಾಚೆಗಿನದೇನೂ ಅಲ್ಲ. ಈ ನಗರಕ್ಕೆ ಕನ್ನಡಿಗರು ಬಂದದ್ದೇ ದುಡಿಮೆಯನ್ನು ಅರಸಿಕೊಂಡು. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ತಟ್ಟೆ ಎತ್ತಿ, ಹಿಟ್ಟು ರುಬ್ಬಿ, ಇರುಳು ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿದರು. ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯಿಂದ ಬಂದವರು ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊತ್ತರು, ಇಂದಿಗೂ ಹೊರುತ್ತಿದ್ದಾರೆ. ಇಂಥವರ ಮಕ್ಕಳೂ ಮೊಮ್ಮಕ್ಕಳೂ ಆದ ನೀವು, ಹೊರೆ ಹೊತ್ತವನು ಮಾಡಿದ ಕೆಲಸ ಸೊನ್ನೆಯೆಂದು ಬಾಯಿಪಾಠ ಮಾಡಿ ಮುಂದಿನ ಪುಟಕ್ಕೆ ತಿರುಗಿದರೆ, ವಿಜ್ಞಾನಕ್ಕೂ ನ್ಯಾಯ ಮಾಡಿದಂತಾಗುವುದಿಲ್ಲ, ಮನೆಗೂ ನ್ಯಾಯ ಮಾಡಿದಂತಾಗುವುದಿಲ್ಲ.

ಆ ಉತ್ತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಉತ್ತರ ಸರಿಯೇ. ಆದರೆ ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಮರೆತು ಅದನ್ನು ಹೇಳುವುದೇ ಬಂದಿರುವ ತೊಡಕು. ಸೊನ್ನೆಯು ಹೊರೆಗೆ ಸಂಬಂಧಿಸಿದ್ದು, ಹೊತ್ತವನಿಗೆ ಸಂಬಂಧಿಸಿದ್ದಲ್ಲ.

ಮೊದಲು ಪದದ ಅರ್ಥವನ್ನು ನೋಡೋಣ. ಬಲವೊಂದು ಒಂದು ವಸ್ತುವಿನ ಮೇಲೆ ವರ್ತಿಸಿ, ಆ ಬಲದ ದಿಕ್ಕಿನಲ್ಲಿಯೇ ವಸ್ತುವು ಎಷ್ಟು ದೂರ ಸರಿಯಿತೋ ಆ ದೂರವನ್ನು ಬಲದಿಂದ ಗುಣಿಸಿದರೆ ಬರುವ ಮೊತ್ತಕ್ಕೆ ಭೌತವಿಜ್ಞಾನವು ಕೆಲಸವೆಂದು ಹೆಸರಿಟ್ಟಿದೆ. ಕೆಲವರು ಕಾರ್ಯವೆಂದೂ ಬರೆಯುವರು. 15 ಲೀಟರು ನೀರಿನ ಕೊಡವೊಂದನ್ನು ಮೂರನೆಯ ಮಾಳಿಗೆಗೆ, ಎಂದರೆ ಸುಮಾರು 10 ಮೀಟರ್ ಎತ್ತರಕ್ಕೆ, ಒಯ್ದರೆ ನೀರಿನ ಮೇಲೆ ಆದ ಕೆಲಸ 15 ಗುಣಿಲೆ 9.8 ಗುಣಿಲೆ 10, ಅಂದರೆ 1470 ಜೂಲ್. ಅದೇ ಕೊಡವನ್ನು ಹೊತ್ತು ಚಾಳಿನ ಉದ್ದನೆಯ ಮೊಗಸಾಲೆಯಲ್ಲಿ ಈ ಕೊನೆಯಿಂದ ಆ ಕೊನೆಗೆ ಒಂದೇ ವೇಗದಿಂದ ನಡೆದರೆ, ಕೈಯ ಬಲ ಮೇಲ್ಮುಖವಾಗಿಯೂ ಕೊಡದ ಚಲನೆ ಅಡ್ಡಲಾಗಿಯೂ ಇರುವುದರಿಂದ, ಕೊಡವನ್ನು ಎತ್ತಿ ಹಿಡಿದ ಬಲವು ಮಾಡಿದ ಕೆಲಸ ಸೊನ್ನೆ. ನೀರಿಗೆ ಇದರಿಂದ ಯಾವ ಲಾಭವೂ ಆಗಲಿಲ್ಲ. ಅದು ಮೊದಲಿದ್ದ ಎತ್ತರದಲ್ಲಿಯೇ ಇದೆ. ಗಣಿತವು ಹೇಳುವುದು ಇಷ್ಟೇ.

ಇಲ್ಲಿ ಕೆಲವರು, ‘ಕನ್ನಡದಲ್ಲಿ ಕೆಲಸವೆಂದರೆ ಎಲ್ಲ ದುಡಿಮೆಯೂ ಸೇರುತ್ತದೆ; ಶಕ್ತಿ, ಬಲ, ಸಾಮರ್ಥ್ಯ ಎಲ್ಲವೂ ಒಂದೇ ಅರ್ಥದ ಮಾತುಗಳು; ಆದುದರಿಂದ ಕನ್ನಡದಲ್ಲಿ ವಿಜ್ಞಾನ ಕಲಿಯುವವರಿಗೆ ಗೊಂದಲ ತಪ್ಪಿದ್ದಲ್ಲ’ ಎಂದು ಆಕ್ಷೇಪಿಸುವುದುಂಟು. ಈ ಆಕ್ಷೇಪವನ್ನು ನಮ್ಮ ವಿದ್ಯಾರ್ಥಿಗಳು ತಲೆತಗ್ಗಿಸಿ ಕೇಳಬೇಕಾದ ಕಾರಣವಿಲ್ಲ. ಇಂಗ್ಲಿಷಿನಲ್ಲಿಯೂ ಹಮಾಲನ ದುಡಿಮೆಗೂ ಪುಸ್ತಕದ ಪರಿಮಾಣಕ್ಕೂ ಇರುವುದು ಒಂದೇ ಪದ. ಶಕ್ತಿ ಎಂಬುದಕ್ಕೆ ಇಂದು ಇಂಗ್ಲಿಷಿನಲ್ಲಿ ಬಳಸುವ ಎನರ್ಜಿ ಎಂಬ ಪದವನ್ನು ಥಾಮಸ್ ಯಂಗ್ ಎಂಬ ವಿದ್ವಾಂಸನು 1807ರಲ್ಲಿ ಪ್ರಕಟಿಸಿದ ತನ್ನ ಉಪನ್ಯಾಸಗಳಲ್ಲಿ ಶಾಸ್ತ್ರೀಯ ಅರ್ಥದಲ್ಲಿ ಬಳಸಿದನು. ಕೆಲಸಕ್ಕೆ ಖಚಿತವಾದ ಶಾಸ್ತ್ರೀಯ ಅರ್ಥವನ್ನು ಫ್ರಾನ್ಸಿನ ಕೊರಿಯೊಲಿಯು ಕೊಟ್ಟದ್ದು 1829ರಲ್ಲಿ. ಅದಕ್ಕಾಗಿ ಅವನು ಆರಿಸಿದ್ದು ಫ್ರೆಂಚ್ ಕೂಲಿಕಾರರು ದಿನವೂ ಆಡುವ ಮಾತನ್ನೇ. 1847ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಶಕ್ತಿಯ ನಿತ್ಯತೆಯನ್ನು ಪ್ರತಿಪಾದಿಸಿ ಬರೆದ ಪ್ರಸಿದ್ಧ ಪ್ರಬಂಧದ ತಲೆಬರಹದಲ್ಲಿಯೇ, ಬಲವೆಂದು ಅರ್ಥವಾಗುವ ಜರ್ಮನ್ ಪದವನ್ನು ಶಕ್ತಿಯ ಸ್ಥಾನದಲ್ಲಿ ಬಳಸಿದ್ದಾನೆ. ಎಲ್ಲ ಭಾಷೆಗಳೂ ಬೀದಿಯ ಮಾತನ್ನು ತಂದು ತಿದ್ದಿ ತೀಡಿ ಶಾಸ್ತ್ರದ ಮಾತನ್ನಾಗಿ ಮಾಡಿಕೊಂಡಿವೆ. ಕನ್ನಡವೂ ಹಾಗೆಯೇ ಮಾಡಿದೆ. ಗೊಂದಲವು ಭಾಷೆಯದಲ್ಲ, ಒಂದು ಪದವನ್ನು ಎಲ್ಲಿ ನಿಂತು ಆಡುತ್ತಿದ್ದೇವೆ ಎಂಬ ಎಚ್ಚರ ತಪ್ಪಿದಾಗ ಉಂಟಾಗುವಂಥದು.

ಆ ಎಚ್ಚರಕ್ಕೆ ನಮ್ಮ ಅಂಗಡಿಗಳ ಜಮಾಖರ್ಚಿನ ಪುಸ್ತಕಕ್ಕಿಂತ ಒಳ್ಳೆಯ ಉಪಮಾನ ಬೇಕಿಲ್ಲ. ಶಕ್ತಿಯೆಂಬುದು ಪೆಟ್ಟಿಗೆಯಲ್ಲಿರುವ ಹಣ. ಕೆಲಸವೆಂಬುದು ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರ ಪೆಟ್ಟಿಗೆಗೆ ಸಂದ ಹಣ. ಸಾಮರ್ಥ್ಯವೆಂಬುದು ಎಷ್ಟು ಬೇಗ ಸಂದಿತು ಎಂಬುದರ ದರ. ಈ ಮೂರನ್ನು ಬೇರೆಬೇರೆಯಾಗಿ ಇಟ್ಟುಕೊಂಡವನಿಗೆ ಪಾಠದ ಮುಕ್ಕಾಲು ಪಾಲು ಕೈವಶವಾಯಿತೆಂದೇ ತಿಳಿಯಬೇಕು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು 10 ಮೀಟರ್ ಎತ್ತರದ ಮೆಟ್ಟಿಲುಗಳನ್ನು ಹತ್ತಿದರೆ, ನಿಧಾನವಾಗಿ ಹತ್ತಲಿ, ಓಡಿ ಹತ್ತಲಿ, ತನ್ನ ದೇಹವನ್ನು ಎತ್ತಿದ ಕೆಲಸ 4900 ಜೂಲ್. 50 ಸೆಕೆಂಡುಗಳಲ್ಲಿ ಹತ್ತಿದರೆ ಸಾಮರ್ಥ್ಯ 98 ವಾಟ್. 20 ಸೆಕೆಂಡುಗಳಲ್ಲಿ ಹತ್ತಿದರೆ 245 ವಾಟ್. ಜೇಮ್ಸ್ ವಾಟನು ತನ್ನ ಉಗಿಯಂತ್ರಗಳನ್ನು ಕುದುರೆಗಳೊಡನೆ ಹೋಲಿಸಲೆಂದು ಗೊತ್ತುಮಾಡಿದ ಅಶ್ವಸಾಮರ್ಥ್ಯವು ಇಂದಿನ ಲೆಕ್ಕದಲ್ಲಿ ಸುಮಾರು 746 ವಾಟ್. ಹಾಗಾದರೆ ಓಡಿ ಹತ್ತಿದ ವಿದ್ಯಾರ್ಥಿಯು ಆ 20 ಸೆಕೆಂಡುಗಳ ಮಟ್ಟಿಗೆ ಕುದುರೆಯ ಮೂರನೆಯ ಒಂದು ಪಾಲಾದನು.

ಈಗ ಹಮಾಲನ ಬಳಿಗೆ ಹಿಂದಿರುಗೋಣ. ಹೊರೆಯ ಖಾತೆಯಲ್ಲಿ ಜಮೆಯಾದದ್ದು ಸೊನ್ನೆ. ಒಳ್ಳೆಯದು. ಹಾಗಿದ್ದರೆ ಹಮಾಲನ ಖಾತೆಯಲ್ಲಿ ಖರ್ಚೂ ಸೊನ್ನೆಯೆ? ಅವನು ಬೆವರುತ್ತಾನೆ, ಏದುಸಿರು ಬಿಡುತ್ತಾನೆ, ಮಧ್ಯಾಹ್ನ ಹಸಿಯುತ್ತಾನೆ. ಖರ್ಚಾಗದೆ ಹಸಿವು ಬಾರದು. ಗೋಡೆಯ ಹಲಗೆಯೊಂದು ಅದೇ ಹೊರೆಯನ್ನು ವರ್ಷವಿಡೀ ಹೊತ್ತಿದ್ದರೂ ಅದಕ್ಕೆ ಅನ್ನ ಬೇಡ, ಏಕೆಂದರೆ ಹಲಗೆ ತಾನು ಇದ್ದಂತೆಯೇ ಇದ್ದು ಹೊರೆಯನ್ನು ತಡೆಯುತ್ತದೆ. ಮನುಷ್ಯನ ಸ್ನಾಯು ಹಾಗಲ್ಲ. ಅದು ಬಿಗಿಯಾಗಿರಬೇಕಾದರೆ ಅದರೊಳಗಿನ ಅತಿ ಸೂಕ್ಷ್ಮವಾದ ಎಳೆಗಳು ಒಂದನ್ನೊಂದು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರಬೇಕು. ಪ್ರತಿಯೊಂದು ಹಿಡಿತಕ್ಕೂ ಅನ್ನದಿಂದ ಬಂದ ಶಕ್ತಿ ವ್ಯಯವಾಗುತ್ತದೆ. ಹೊರಗೆ ತೋಳು ಅಲುಗದಿದ್ದರೂ ಒಳಗೆ ವ್ಯಾಪಾರ ನಡೆದೇ ಇರುತ್ತದೆ. ಕರಾವಳಿಯವರು ಮರುವಾಯಿ ಎಂದು ಕರೆಯುವ ಕಪ್ಪೆಚಿಪ್ಪಿನಂಥ ಜೀವಿಗಳ ಸ್ನಾಯುವಿಗೆ ಬಿಗಿದ ಮೇಲೆ ಬೀಗ ಹಾಕಿದಂತೆ ನಿಲ್ಲುವ ಗುಣವಿದ್ದು, ಅದು ಬಹಳ ಸ್ವಲ್ಪ ಖರ್ಚಿನಲ್ಲಿ ಬಹಳ ಹೊತ್ತು ಚಿಪ್ಪನ್ನು ಮುಚ್ಚಿಡಬಲ್ಲದು. ನಮ್ಮ ತೋಳಿಗೆ ಆ ವರ ದೊರೆತಿಲ್ಲ.

ಇದಲ್ಲದೆ, ನಡೆಯುವಾಗ ಪ್ರತಿ ಹೆಜ್ಜೆಗೂ ದೇಹವೂ ತಲೆಯ ಮೇಲಿನ ಹೊರೆಯೂ ತುಸು ಮೇಲೇರಿ ಕೆಳಗಿಳಿಯುತ್ತವೆ. ಏರುವಾಗ ಕೊಟ್ಟ ಶಕ್ತಿ ಇಳಿಯುವಾಗ ಪೂರ್ತಿಯಾಗಿ ಸ್ನಾಯುವಿಗೆ ಮರಳಿ ಬರುವುದಿಲ್ಲ. ಅದರ ದೊಡ್ಡ ಪಾಲು ಉಷ್ಣವಾಗಿ ಹೋಗುತ್ತದೆ. ಮೆಟ್ಟಿಲು ಹತ್ತುವಂತಹ ಲಾಭದಾಯಕ ಕೆಲಸದಲ್ಲಿಯೂ ಸ್ನಾಯುವಿನ ದಕ್ಷತೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲಿನಷ್ಟು. ಮೇಲೆ ಹೇಳಿದ 4900 ಜೂಲ್‌ಗಳಿಗಾಗಿ ವಿದ್ಯಾರ್ಥಿಯ ದೇಹವು ಕಡಮೆಯೆಂದರೂ ಸುಮಾರು 20,000 ಜೂಲ್ ವೆಚ್ಚ ಮಾಡಬೇಕು. ಉಳಿದ 15,000 ಜೂಲ್ ಮೈಯ ಬಿಸಿಯಾಗುತ್ತದೆ. ಬೆವರು ಆ ಲೆಕ್ಕದ ರಸೀದಿ. ಹಮಾಲನ ಅಡ್ಡ ನಡಿಗೆಯಲ್ಲಿ ಹೊರೆಗೆ ಏನೂ ಸಲ್ಲದ ಕಾರಣ ಬಹುಮಟ್ಟಿಗೆ ಎಲ್ಲವೂ ಬಿಸಿಯೇ.

ಬಿಸಿಯಾದದ್ದನ್ನು ಖಾತೆಯಿಂದ ಬಿಟ್ಟುಬಿಡಬಾರದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಜೇಮ್ಸ್ ಜೂಲ್. ಮದ್ಯ ತಯಾರಿಸುವ ಮನೆತನದಲ್ಲಿ 1818ರಲ್ಲಿ ಹುಟ್ಟಿದ ಈತನು, ಕೆಳಗಿಳಿಯುವ ತೂಕಗಳಿಂದ ನೀರಿನೊಳಗೆ ರೆಕ್ಕೆಯ ಚಕ್ರವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂಬುದನ್ನು ಅತ್ಯಂತ ಸೂಕ್ಷ್ಮವಾಗಿ ಅಳೆದನು. ಒಂದು ಪೌಂಡು ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿ ಮಾಡಲು 772 ಅಡಿ-ಪೌಂಡು ಕೆಲಸ ಬೇಕೆಂದು 1850ರಲ್ಲಿ ಪ್ರಕಟಪಡಿಸಿದನು. ಅದಕ್ಕೂ ಮುಂಚೆ 1845ರಲ್ಲಿಯೇ, 160 ಅಡಿ ಧುಮುಕುವ ನಯಾಗರದ ನೀರು ಕೆಳಗೆ ಒಂದು ಡಿಗ್ರಿಯ ಐದನೆಯ ಒಂದು ಪಾಲಿನಷ್ಟು ಬೆಚ್ಚಗಾಗಿರಬೇಕೆಂದು ಅವನು ಬರೆದಿದ್ದನು. ಅದೇ ಲೆಕ್ಕವನ್ನು ನಮ್ಮ ಜೋಗಕ್ಕೆ ಹಾಕಿ ನೋಡಿರಿ: 253 ಮೀಟರ್ ಇಳಿದ ಒಂದು ಕಿಲೋಗ್ರಾಂ ನೀರು ಸುಮಾರು 2480 ಜೂಲ್ ಕಳೆದುಕೊಳ್ಳುತ್ತದೆ, ಅದೆಲ್ಲವೂ ನೀರಿನಲ್ಲಿಯೇ ಉಷ್ಣವಾಗಿ ಉಳಿದರೆ ಸುಮಾರು 0.6 ಸೆಲ್ಸಿಯಸ್ ಡಿಗ್ರಿಯಷ್ಟು ಬಿಸಿಯೇರಬೇಕು. ಕಣ್ಣಿಗೆ ಕಾಣುವ ಭೋರ್ಗರೆತವೆಲ್ಲ ಕೈಗೂ ತಿಳಿಯದಷ್ಟು ಬಿಸಿಯಾಗಿ ಅಡಗುತ್ತದೆ; ಆದರೂ ಲೆಕ್ಕದಿಂದ ಒಂದು ಜೂಲ್ ಕೂಡ ತಪ್ಪಿಹೋಗುವುದಿಲ್ಲ. ಹಮಾಲನ ಬೆವರಿಗೂ ಇದೇ ನ್ಯಾಯ.

ನನ್ನ ಅಭಿಪ್ರಾಯದ ಮುಖ್ಯವಾದ ಮಾತನ್ನು ಈಗ ಹೇಳುವೆನು. ಮನುಷ್ಯನ ದುಡಿಮೆಯನ್ನು ಜೂಲ್‌ಗಳಲ್ಲಿ ಅಳೆಯಲು ಹೊರಟರೆ ಏನಾಗುತ್ತದೆಂದು ಒಮ್ಮೆ ಲೆಕ್ಕ ಮಾಡಿಯೇ ನೋಡಬೇಕು. ದಿನಕ್ಕೆ 2400 ಕಿಲೋಕ್ಯಾಲೊರಿಯ ಆಹಾರ ಉಣ್ಣುವವನಿಗೆ ದೊರೆಯುವ ಶಕ್ತಿ ಸುಮಾರು ಒಂದು ಕೋಟಿ ಜೂಲ್. ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಗಂಟೆ, ಅಂದರೆ 36 ಲಕ್ಷ ಜೂಲ್. ಹೀಗಾಗಿ ಒಬ್ಬನ ಇಡೀ ದಿನದ ಅನ್ನ ಮೂರು ಯೂನಿಟ್ಟಿಗೂ ಕಡಮೆ! ಅದರಲ್ಲಿ ಬಹುಪಾಲು ಉಸಿರಾಟ, ರಕ್ತಸಂಚಾರ, ಮೈಯ ಬಿಸಿ ಮೊದಲಾದವುಗಳಿಗೇ ಸಲ್ಲುತ್ತದೆ. ಗಟ್ಟಿಮುಟ್ಟಾದ ಕೂಲಿಕಾರನು ದಿನವಿಡೀ ಬಿಡದೆ ಕೊಡಬಲ್ಲ ಯಾಂತ್ರಿಕ ಸಾಮರ್ಥ್ಯ ಸುಮಾರು 75 ವಾಟ್ ಎಂದು ಎಣಿಸಲಾಗಿದೆ. ಎಂಟು ಗಂಟೆಗಳ ದುಡಿಮೆಗೆ ಅದು 21 ಲಕ್ಷ 60 ಸಾವಿರ ಜೂಲ್, ಎಂದರೆ 0.6 ಯೂನಿಟ್. ಒಂದು ಅಶ್ವಸಾಮರ್ಥ್ಯದ ಮೋಟಾರು ಇಷ್ಟೇ ಕೆಲಸವನ್ನು ಸುಮಾರು 48 ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ಜೂಲ್ ಎಂಬುದು ಕೂಲಿಯ ಅಳತೆಗೋಲಲ್ಲ, ಗೌರವದ ಅಳತೆಗೋಲಂತೂ ಅಲ್ಲವೇ ಅಲ್ಲ. ಅದು ಅಳತೆಗೋಲಾಗಿದ್ದರೆ ಇಡೀ ದಿನದ ದುಡಿಮೆಗೆ ಒಂದು ಯೂನಿಟ್ಟಿನ ಬೆಲೆಯನ್ನೂ ಕೊಡಬೇಕಾಗಿರಲಿಲ್ಲ. ಹಮಾಲನಿಗೆ ಸಲ್ಲಬೇಕಾದ ಕೂಲಿ ಹೊರೆಗೆ ಸಂದ ಶಕ್ತಿಗಲ್ಲ. ಜನಸಂದಣಿಯಲ್ಲಿ ದಾರಿ ಹುಡುಕುವ ಅವನ ಕಣ್ಣಿಗೆ, ಗಾಜಿನ ಸಾಮಾನನ್ನು ಒಡೆಯದೆ ತಲುಪಿಸುವ ಎಚ್ಚರಕ್ಕೆ, ಸವೆಯುವ ಬೆನ್ನಿಗೆ, ಕಳೆದ ಹೊತ್ತಿಗೆ, ಮನೆಯಲ್ಲಿ ಕಾಯುವ ಮಕ್ಕಳಿಗೆ. ಇವು ಯಾವುವೂ ಬಲ ಗುಣಿಲೆ ದೂರ ಎಂಬ ಸೂತ್ರದಲ್ಲಿಲ್ಲ; ಇರಬೇಕೆಂದು ಸೂತ್ರವೂ ಹೇಳಿಲ್ಲ. ವಿಜ್ಞಾನವು ತನ್ನ ಮಾತಿಗೆ ಎಲ್ಲೆಯನ್ನು ಕಟ್ಟಿಕೊಂಡು ಮಾತನಾಡುತ್ತದೆ. ಆ ಎಲ್ಲೆಯನ್ನು ದಾಟಿಸಿ ಅದರ ಬಾಯಲ್ಲಿ ಅವಮಾನದ ಮಾತನ್ನು ಆಡಿಸುವವರು ನಾವು.

ಎರಡನೆಯದು ಇನ್ನೂ ಗಂಭೀರವಾದ ಮಾತು. ಬರಿಯ ಎತ್ತುವ, ಎಳೆಯುವ ಯಂತ್ರವೆಂದು ನೋಡಿದರೆ ಮನುಷ್ಯನು ಬಹಳ ದುರ್ಬಲನಾದ ಮೋಟಾರು. ಹೀಗಿರಲಾಗಿ ಮೋಟಾರು ಮಾಡಬಹುದಾದ ಭಾರದ ಕೆಲಸಕ್ಕೆ ಮನುಷ್ಯನ ಬೆನ್ನನ್ನು ಒಡ್ಡಿಸುವುದು ಲೆಕ್ಕದ ದೃಷ್ಟಿಯಿಂದ ಅವಿವೇಕ, ಮನುಷ್ಯತ್ವದ ದೃಷ್ಟಿಯಿಂದ ಅನ್ಯಾಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1915ರಲ್ಲಿ ಸಹ್ಯಾದ್ರಿಯ ಕೆರೆಗಳ ನೀರು ಖೋಪೋಲಿಯಲ್ಲಿ ಇಳಿದು ಮುಂಬಯಿಯ ಗಿರಣಿಗಳನ್ನು ತಿರುಗಿಸತೊಡಗಿತು. ಅದಾಗಿ ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಆದರೂ ಇದೇ ನಗರದಲ್ಲಿ ಹಳೆಯ ಪೇಟೆಗಳ ಸಂದಿಗಳಲ್ಲಿ ಕೈಗಾಡಿಗಳನ್ನು ಮನುಷ್ಯರೇ ಎಳೆಯುತ್ತಾರೆ. ಕಟ್ಟಡದ ಮೆಟ್ಟಿಲುಗಳ ಮೇಲೆ ಇಟ್ಟಿಗೆಗಳನ್ನು ತಲೆಯ ಮೇಲೆಯೇ ಏರಿಸುತ್ತಾರೆ. ಯಂತ್ರ ಬಂದರೆ ಹೊಟ್ಟೆಯ ಪಾಡೇನು ಎಂದು ಅವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಯಂತ್ರವನ್ನು ದೂರವಿಡುವುದಲ್ಲ. ಯಂತ್ರವನ್ನು ನಡೆಸುವ ವಿದ್ಯೆಯನ್ನು ಹೊರೆ ಹೊತ್ತವರಿಗೂ ಅವರ ಮಕ್ಕಳಿಗೂ, ಅವರಿಗೆ ತಿಳಿಯುವ ಭಾಷೆಯಲ್ಲಿ, ಮುಟ್ಟಿಸುವುದು. ನಮ್ಮಂತಹ ಶಾಲೆಗಳು ಇರಬೇಕಾದದ್ದು ಅದಕ್ಕಾಗಿಯೇ ಎಂದು ನಾನು ನಂಬಿದ್ದೇನೆ.

ಈ ಲೆಕ್ಕ ನಮ್ಮ ಕಡೆಗೂ ಬೆರಳು ತೋರಿಸುತ್ತದೆ. ತರಗತಿಯಲ್ಲಿ ತಲೆಯ ಮೇಲೆ ತಿರುಗುವ ಸಾಮಾನ್ಯವಾದ ಫ್ಯಾನು ಸುಮಾರು 75 ವಾಟ್ ಸಾಮರ್ಥ್ಯದ್ದು. ಯಾರೂ ಇಲ್ಲದ ಕೊಠಡಿಯಲ್ಲಿ ಅದು ಎಂಟು ಗಂಟೆ ಸುಮ್ಮನೆ ತಿರುಗಿದರೆ ಪೋಲಾಗುವುದು 0.6 ಯೂನಿಟ್; ಮೇಲೆ ಕಂಡಂತೆ, ಒಬ್ಬ ಕೂಲಿಕಾರನ ಇಡೀ ದಿನದ ಬೆವರಿನಷ್ಟು. ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಬರುವ ಶಕ್ತಿ ಅಗ್ಗವಾಗಿ ಕಾಣುತ್ತದೆ. ಅದನ್ನೇ ತೋಳಿನಿಂದ ಕೊಡಬೇಕಾಗಿ ಬಂದರೆ ಅದರ ಬೆಲೆ ಗೊತ್ತಾಗುತ್ತದೆ. ಕೊಠಡಿಯಿಂದ ಕೊನೆಗೆ ಹೊರಡುವವನು ಗುಂಡಿ ಆರಿಸುವುದು ಕೇವಲ ಶಿಸ್ತಿನ ಮಾತಲ್ಲ, ಲೆಕ್ಕ ಬಲ್ಲವನ ಲಕ್ಷಣ.

ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ಪಾಠವನ್ನು ಓದುವಾಗ ಸೂತ್ರಗಳನ್ನು ಉರು ಹೊಡೆಯುವ ಮೊದಲು ಪ್ರತಿಯೊಂದು ಉದಾಹರಣೆಗೂ ಮೂರು ಪ್ರಶ್ನೆಗಳನ್ನು ಹಾಕಿರಿ. ಯಾವ ವಸ್ತುವಿನ ಮೇಲೆ ಯಾವ ಬಲ ಕೆಲಸ ಮಾಡಿತು? ಆ ಶಕ್ತಿ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು? ಎಷ್ಟು ಹೊತ್ತಿನಲ್ಲಿ ಹೋಯಿತು? ಮೊದಲನೆಯದು ಕೆಲಸ, ಎರಡನೆಯದು ಶಕ್ತಿ, ಮೂರನೆಯದು ಸಾಮರ್ಥ್ಯ. ಈ ಮೂರೂ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಅದು ತಾನಾಗಿ ನಾಲಗೆಗೆ ಬರುತ್ತದೆ. ನಿಮ್ಮ ಮನೆಯ ಮೆಟ್ಟಿಲುಗಳನ್ನು ಅಳೆಯಿರಿ, ಗಡಿಯಾರ ಹಿಡಿದು ಹತ್ತಿರಿ, ವಿದ್ಯುತ್ ಬಿಲ್ಲನ್ನು ಓದಿರಿ. ಇಷ್ಟಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ.

ಇನ್ನು ಪರೀಕ್ಷೆಯಲ್ಲಿ ಹಮಾಲನ ಪ್ರಶ್ನೆ ಬಂದಾಗ ಸೊನ್ನೆಯೆಂದೇ ಬರೆಯಿರಿ, ಉತ್ತರ ಅದೇ. ಆದರೆ ಬರೆಯುವಾಗ ‘ಹೊರೆಯ ಮೇಲೆ, ಅದನ್ನು ಎತ್ತಿ ಹಿಡಿದ ಬಲದಿಂದ’ ಎಂಬ ಮಾತುಗಳನ್ನು ಬಿಡಬೇಡಿರಿ. ಆ ನಾಲ್ಕಾರು ಪದಗಳಲ್ಲಿ ವಿಜ್ಞಾನದ ಖಚಿತತೆಯೂ ಇದೆ, ದುಡಿಯುವವನ ಮರ್ಯಾದೆಯೂ ಇದೆ. ಅವುಗಳನ್ನು ತಿಳಿದು ಬರೆದವನು ಅದೇ ಉತ್ತರವನ್ನು ಮನೆಯಲ್ಲಿ ತಂದೆಯ ಮುಂದೆ ಕುಳಿತು, ನಾಚದೆ, ವಿವರವಾಗಿ ಹೇಳಬಲ್ಲನು. ಹಾಗೆ ಹೇಳಬಲ್ಲವನೇ ಪಾಠ ಕಲಿತವನು.